ಹಿಮದ ನಾಡಿನಲ್ಲಿ ಮಣ್ಣು ಕೊಟ್ಟವರು

ಪೂಜ್ಯ ಮರುಳಪ್ಪಜ್ಜನವರಿಗೆ ಆಗ ಎಪ್ಪತ್ತು ದಾಟಿತ್ತು. ಅವರಿಗೆ ಮಠವಿರಲಿಲ್ಲ, ಗದ್ದುಗೆಯಿರಲಿಲ್ಲ. ಇಳಕಲ್ಲಿನ ಹೊರಗೆ, ಹಳ್ಳದ ದಂಡೆಯ ಹಂಚಿನ ಕೋಣೆಯೊಂದರಲ್ಲಿ ಚಾಪೆ ಹಾಸಿಕೊಂಡು ಇರುತ್ತಿದ್ದರು. ಒಂದು ಬೆಳಿಗ್ಗೆ ನೇಕಾರ ಸೋಮಲಿಂಗಪ್ಪ ಅಲ್ಲಿಗೆ ಬಂದು, ನಮಸ್ಕಾರವನ್ನೂ ಮಾಡದೆ ನಿಂತ.

“ಅಜ್ಜಾರ, ನನ್ನ ತಮ್ಮ ಗುರುಪಾದ ಹಿಮಾಲಯಕ್ಕ ಹೋಗತೇನಿ ಅಂದಾಗ ‘ಹೋಗಿ ಬಾ’ ಅಂದವರು ನೀವು. ಮೂರು ವರ್ಷ ಆತು, ಬರಲಿಲ್ಲ. ಎಲ್ಲಿ ಬಿದ್ದನೋ, ಯಾರು ಸುಟ್ಟರೋ. ‘ನನ್ನ ಮಗಗ ಮಣ್ಣು ಸಿಕ್ಕಿತೇನೋ’ ಅಂತ ನಮ್ಮವ್ವ ದಿನಾ ಕೇಳತಾಳ. ಏನ್ ಹೇಳಲಿ?”

ಲಿಂಗವಂತರಲ್ಲಿ ಸತ್ತವರನ್ನು ಸುಡುವುದಿಲ್ಲ. ಕೂರಿಸಿ, ಅಂಗೈಯಲ್ಲಿ ಇಷ್ಟಲಿಂಗವಿಟ್ಟು ಮಣ್ಣು ಕೊಡುತ್ತಾರೆ. ಮಗನಿಗೆ ಅದಾಯಿತೋ ಇಲ್ಲವೋ ಎಂಬುದೇ ಆ ಮುದುಕಿಯ ಕೊರಗು.

ಅಜ್ಜನವರು “ನಡಿ, ಹುಡುಕೋಣು” ಎಂದು ಎದ್ದರು.

ಗುರುಪಾದ ಹೊರಟಿದ್ದು ಹಿಮಾಲಯದ ಒಂದು ಕಣಿವೆಯ ತುದಿಯಲ್ಲಿದ್ದ ಶಿವನ ಗುಹೆಗೆ. ಇಬ್ಬರೂ ಆ ಕಣಿವೆಯನ್ನು ತಲುಪಿ ಕಾಲ್ನಡಿಗೆಯಲ್ಲಿ ಹತ್ತತೊಡಗಿದರು. ಗುಹೆಯನ್ನು ಬೇಗ ಸೇರುವ ತವಕ ಸೋಮಲಿಂಗಪ್ಪನಿಗೆ. ಅಜ್ಜನವರೋ ದಾರಿಯ ದರ್ಗಾದಲ್ಲಿ ಮಂಡಿಯೂರಿ ಕೂತರು. ಅದಕ್ಕೂ ಮೇಲಿದ್ದ ಗುರುದ್ವಾರದಲ್ಲಿ ಅಡುಗೆಮನೆ ಹೊಕ್ಕು ಎಲ್ಲರೊಡನೆ ರೊಟ್ಟಿ ಲಟ್ಟಿಸಿದರು. ಸೋಮಲಿಂಗಪ್ಪ ಎರಡು ಕಡೆಯೂ ಒಳಗೆ ಕಾಲಿಡದೆ, ಹೊರಗಿನ ಬಂಡೆಯ ಮೇಲೆ ಕುದಿಯುತ್ತ ಕೂತಿದ್ದ.

ಮೂರನೆಯ ದಿನ ಕಡಿದಾದ ಬೆಟ್ಟದ ನೆತ್ತಿಯಲ್ಲಿ ಬೌದ್ಧ ವಿಹಾರವೊಂದು ಕಂಡಿತು. ಅಲ್ಲಿ ಉಸಿರಾಡುವುದೇ ಕಷ್ಟ. ಅಜ್ಜನವರ ತುಟಿ ನೀಲಿಗಟ್ಟಿತ್ತು. ಆದರೂ ಅವರು ವಿಹಾರದ ಮೆಟ್ಟಿಲ ಕಡೆಗೇ ತಿರುಗಿದಾಗ ಸೋಮಲಿಂಗಪ್ಪನ ತಾಳ್ಮೆ ತಪ್ಪಿತು.

“ನಮ್ಮ ದೇವರು ಸಾಲದೇನ್ರಿ ನಿಮಗ? ಕಂಡಕಂಡಲ್ಲೆ ಅಡ್ಡ ಬೀಳತೀರಿ!”

ಅಜ್ಜನವರು ನಿಂತು ಹೇಳಿದರು: “ನಾ ಕೈ ಮುಗಿಯಾಕಷ್ಟ ಹೋಗಿಲ್ಲೋ ತಮ್ಮಾ, ಕೇಳಾಕ ಹೋಗೀನಿ. ದರ್ಗಾದಾಗ ಕೇಳಿದ್ರ ಗುರುದ್ವಾರಕ್ಕ ಕಳಿಸಿದ್ರು. ಅಲ್ಲಿ ಕೇಳಿದ್ರ, ಗುರುತು ಲಾಮಾನ ಹತ್ರ ಐತಿ ಅಂತ ಇಲ್ಲಿಗೆ ಕಳಿಸಿದ್ರು. ಒಳಗ ಬಾ.”

ಒಳಗೆ ವೃದ್ಧ ಲಾಮಾ ಒಬ್ಬರು ಅಜ್ಜನವರ ಹಿಂದಿ ಮಾತು ಕೇಳಿ, ಪೆಟ್ಟಿಗೆಯಿಂದ ಹೊದೆಯುವ ಒಂದು ವಲ್ಲಿಯನ್ನು ತೆಗೆದು ಬಿಚ್ಚಿದರು. ಸೋಮಲಿಂಗಪ್ಪ ಅದನ್ನು ಕೈಗೆತ್ತಿಕೊಂಡ. ಅದರ ಕೆಂಪು ಅಂಚು ಅವನ ಕೈಯದೇ. ತಮ್ಮ ಹೊದ್ದು ಹೋಗಲೆಂದು ಅವನೇ ನೇಯ್ದು ಕೊಟ್ಟದ್ದು.

ಲಾಮಾ ಹೇಳುತ್ತ ಹೋದರು, ಅಜ್ಜನವರು ಕನ್ನಡದಲ್ಲಿ ತಿಳಿಸುತ್ತ ಬಂದರು. ಹಿಮ ಸುರಿದ ಮರುದಿನ ಆ ಯಾತ್ರಿಕ ಬಂಡೆಗೊರಗಿ ಕೂತಿದ್ದನಂತೆ. ಅಂಗೈಯಲ್ಲಿ ಒಂದು ಕರಿಯ ಕಲ್ಲು, ತೆರೆದ ಕಣ್ಣು ಅದರ ಮೇಲೆಯೇ. ಉಸಿರಿರಲಿಲ್ಲ. ಸುಡಲೆಂದು ಗುರುದ್ವಾರದವರು ಕಟ್ಟಿಗೆ ಹೊತ್ತು ತಂದರು. ಆಗ ದರ್ಗಾದ ಬಳಿಯ ಕುರಿಗಾಹಿ ಲಾಲ್ ದೀನ್ ಅಡ್ಡ ಬಂದು, ‘ಈತ ಇನ್ನೂ ಪ್ರಾರ್ಥನೆಯಲ್ಲಿದ್ದಾನೆ, ಎಬ್ಬಿಸಬೇಡಿ’ ಎಂದನಂತೆ. ಆಮೇಲೆ ಆ ದೇಹವನ್ನು ಮಲಗಿಸಲು ಯಾರಿಗೂ ಮನಸ್ಸು ಬರಲಿಲ್ಲ. ಕೂತಂತೆಯೇ ಕೂರಿಸಿ, ಕಲ್ಲನ್ನು ಕೈಯಲ್ಲೇ ಬಿಟ್ಟು, ಎಲ್ಲರೂ ಸೇರಿ ಮಣ್ಣು ಕೊಟ್ಟರು. ಹೆಪ್ಪುಗಟ್ಟಿದ ಆ ನೆಲವನ್ನು ಲಾಲ್ ದೀನ್ ದಿನವಿಡೀ ಅಗೆದಿದ್ದ.

ಸೋಮಲಿಂಗಪ್ಪ ಅಜ್ಜನವರ ಕಡೆ ತಿರುಗಿದ. “ಅಜ್ಜಾರ... ನಮ್ಮ ಪದ್ಧತಿ ಇವರಿಗೆ ಯಾರು ಹೇಳಿಕೊಟ್ಟರು?”

“ಯಾರನ್ನ ನೋಡಾಕ ನಿನ್ನ ತಮ್ಮ ಹೊಂಟಿದ್ದನೋ, ಆತನೇ.”

ಸೋಮಲಿಂಗಪ್ಪ ಲಾಮಾ ಅವರ ಪಾದಕ್ಕೆ ಹಣೆ ಹಚ್ಚಿದ. ಇಳಿಯುವಾಗ ದರ್ಗಾದ ಬಳಿ ಲಾಲ್ ದೀನನನ್ನು ಹುಡುಕಿ, ಅವನ ಒಡೆದ ಕೈಗಳನ್ನು ಕಣ್ಣಿಗೊತ್ತಿಕೊಂಡು ಮಗುವಿನಂತೆ ಅತ್ತ. ಅಜ್ಜನವರು ದೂರದಲ್ಲಿ ಕೈಮುಗಿದು ನಿಂತಿದ್ದರು.

ಊರಿಗೆ ಬಂದಾಗ ತಾಯಿ ಹೊಸ್ತಿಲಲ್ಲೇ ಕಾದಿದ್ದಳು. “ಸಿಕ್ಕಿತೇನೋ ಮಣ್ಣು?”

“ಸಿಕ್ಕೈತವ್ವಾ. ಕುಂದರಿಸಿ, ಅಂಗೈಯಾಗ ಲಿಂಗ ಇಟ್ಟು ಕೊಟ್ಟಾರ.”

“ಅಷ್ಟು ದೂರದಾಗ ಕೊಟ್ಟವರು ಯಾರಪ್ಪಾ?”

ಸೋಮಲಿಂಗಪ್ಪ ಒಂದು ಕ್ಷಣವೂ ತಡೆಯಲಿಲ್ಲ.

“ನಮ್ಮ ಮಂದೀನೇ ಅವ್ವಾ.”