ಸೀನದ ಕೋಳಿಗಳು

ಕೋಳಿಗೂಡಿನಲ್ಲಿ ಎಲ್ಲರಿಗೂ ನೆಗಡಿಯಾಗಿತ್ತು. ಹುಂಜವಂತೂ ಕೂಗಲು ಬಾಯಿ ತೆರೆದಾಗಲೆಲ್ಲ ಸೀನುತ್ತಿತ್ತು, ಹಾಗಾಗಿ ಊರಿಗೆ ಬೆಳಗಾಗುವುದೇ ತಡವಾಗುತ್ತಿತ್ತು. ಆಗ ನರಿಯೊಂದು ಬೇಲಿಯಾಚೆ ಬಂದು ನಿಂತು ಗಂಭೀರವಾಗಿ ಹೇಳಿತು:

“ನಾನು ಬಹುಕಾಲ ಸಂಶೋಧನೆ ನಡೆಸಿದ್ದೇನೆ. ನನ್ನ ಗುಹೆಯ ಮುಂದಿನ ಮರದ ಅತ್ತಿಹಣ್ಣು ತಿಂದ ಕೋಳಿಗಳಲ್ಲಿ ಒಂದೂ ಆಮೇಲೆ ಸೀನಿದ್ದಿಲ್ಲ.”

“ಒಂದೂ ಇಲ್ಲವೇ? ಹಾಗಾದರೆ ಈಗಲೇ ಹೊರಡೋಣ,” ಎಂದು ಹುಂಜ ಸೀನುತ್ತಲೇ ಬೇಲಿ ಏರಿತು.

ಮುದಿ ಹೇಂಟೆಯೊಂದು ಅದರ ಬಾಲ ಹಿಡಿದು ನಿಲ್ಲಿಸಿ ಕೇಳಿತು: “ನರಿಯಪ್ಪನವರೇ, ಆ ಕೋಳಿಗಳನ್ನು ನಾವೊಮ್ಮೆ ಮಾತಾಡಿಸಬಹುದೇ?”

“ಅವರು ಮಾತಾಡುವ ಸ್ಥಿತಿಯಲ್ಲಿಲ್ಲ. ಅಷ್ಟು ನೆಮ್ಮದಿಯಾಗಿದ್ದಾರೆ.”

“ಹಣ್ಣು ತಿನ್ನದೆ ಸುಮ್ಮನೆ ನಿಮ್ಮ ಗುಹೆಗೆ ಬಂದ ಕೋಳಿಗಳು?”

ನರಿ ತುಸು ಯೋಚಿಸಿತು. “ಅವೂ ಸೀನಲಿಲ್ಲ.”

“ಹಾಗಾದರೆ ಹಣ್ಣನ್ನು ಇಲ್ಲಿಗೇ ತನ್ನಿ. ನಮ್ಮಲ್ಲಿ ಅರ್ಧ ಜನ ತಿನ್ನುತ್ತೇವೆ, ಉಳಿದವರು ತಿನ್ನುವುದಿಲ್ಲ. ಯಾರ ನೆಗಡಿ ಮೊದಲು ಬಿಡುತ್ತದೋ ನೋಡೋಣ.”

ನರಿಗೆ ನಿಜವಾಗಿಯೂ ಬೇಸರವಾಯಿತು. “ಕೋಳಿಗಳು ಬೇಲಿಯೊಳಗೆ, ನಾನು ಬೇಲಿಯ ಹೊರಗೆ. ಇಂಥ ಸಂಶೋಧನೆಯಿಂದ ಯಾರ ಹೊಟ್ಟೆ ತುಂಬುತ್ತದೆ?” ಎಂದು ಗೊಣಗುತ್ತ ಹೊರಟುಹೋಯಿತು.

ಹುಂಜ ಬೇಲಿಯಿಂದಿಳಿದು ಮುಖ ಸಣ್ಣದು ಮಾಡಿಕೊಂಡಿತು. “ಈಗ ನಮ್ಮ ನೆಗಡಿಯ ಗತಿಯೇನು?”

“ಇನ್ನೂ ಒಂದು ವಾರ ಇದ್ದರೂ ಇರಲಿ ಬಿಡಿ,” ಎಂದಿತು ಹೇಂಟೆ. “ಸೀನುವುದಕ್ಕೆ ನಾವಾದರೂ ಇರುತ್ತೇವಲ್ಲ.”