ಬಹುಪರಾಕಿನ ಕತ್ತು ಕುಯ್ದವರು ಯಾರು?

ಡಂಗುರದವನು ತಮಟೆ ಹರಿಯುವ ಹಾಗೆ ಬಡಿದು ಸಾರಿದ: "ಕೇಳ್ರಪ್ಪೋ ಕೇಳಿ! ಅರಮನೆಯ ಕಂಪ್ಯೂಟರಿನಲ್ಲಿ ಹಗಲೂ ಇರುಳೂ ಮೊಳಗುವ ನಮ್ಮ ದೊರೆ ರಣಬಾಹುಗಳ ಬಹುಪರಾಕು ದಿನಾ ಮಧ್ಯಾಹ್ನ ಅರ್ಧಕ್ಕೇ ಸಾಯುತ್ತಿದೆ. ಯಂತ್ರ ನೋಡಿಕೊಳ್ಳುವ ಹಾಲೇಶನ ಮೇಲೆ ಅನುಮಾನ. ಹೊತ್ತು ಮುಳುಗಿದರೆ ಅವನಿಗೆ ಗಲ್ಲು! ರಾಜಕುಮಾರಿ ಚಂದ್ರಲೆ ಮೂರು ಒಗಟು ಒಡ್ಡುತ್ತಾರೆ. ಒಡೆದರೆ ನಿಜವಾದ ಕೊಲೆಗಾರ ಸಿಗುತ್ತಾನೆ. ಒಡೆದವರಿಗೆ ಅರ್ಧ ರಾಜ್ಯ, ಜೊತೆಗೆ ರಾಜಕುಮಾರಿ. ತಪ್ಪಿದವರಿಗೆ ಹಾಲೇಶನ ಪಕ್ಕದಲ್ಲೇ ಇನ್ನೊಂದು ಹಗ್ಗ!"

ಅರಮನೆ ಅಡುಗೆಮನೆಯಲ್ಲಿ ದುರುಗಿ ಸೌಟನ್ನು ನೆಲಕ್ಕೆ ಬಿಸಾಕಿದಳು. ಹಾಲೇಶ ಅವಳ ಒಡಹುಟ್ಟಿದ ಅಣ್ಣ. ಬಹುಪರಾಕು ಸತ್ತಿತಂತೆ! ಅದೇನು ಹಾಲು ಕುಡಿಯೋ ಕೂಸೇ? ಅದಕ್ಕೆ ಅಣ್ಣನ ಕುತ್ತಿಗೆ ಬೇಕಂತೆ! ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೈಗೆ ಹತ್ತಿದ ಹುಳಿಯನ್ನೂ ಒರೆಸದೆ ದರ್ಬಾರಿಗೆ ನುಗ್ಗಿದಳು.

ಅಲ್ಲಿ ಆಗಲೇ ವರಮಹಾಶಯರ ಸಾಲು. ಚಂದ್ರಲೆ ತಲೆ ತಗ್ಗಿಸಿಕೊಂಡೇ ಮೊದಲ ಒಗಟು ಕೇಳಿದಳು: "ಮನೆಯಲ್ಲೊಂದು ಕೋಣೆ. ಅಲ್ಲಿ ಯಾರೂ ದುಡಿಯುವುದಿಲ್ಲ, ಬರೀ ಮಲಗುತ್ತಾರೆ. ಆದರೆ ಆ ಕೋಣೆ ಇಲ್ಲದಿದ್ದರೆ ದುಡಿಯುವವರಿಗೆ ನಿಲ್ಲಲೂ ಜಾಗವಿಲ್ಲ. ಯಾವುದದು?"

ಪಕ್ಕದ ರಾಜ್ಯದ ಯುವರಾಜ ಮೀಸೆ ತಿರುವಿ, "ಸ್ಮಶಾನ!" ಅಂದ. ಭಟರು ಅವನನ್ನು ದರದರ ಎಳೆದೊಯ್ದರು.

ಜವಳಿ ಶೆಟ್ಟರ ಮಗ ತುಂಬ ಯೋಚನೆ ಮಾಡಿ, "ದಿವಾನರ ಕಚೇರಿ" ಅಂದ. ದರ್ಬಾರಿಗೆ ದರ್ಬಾರೇ ಕಿಸಕ್ಕೆಂದಿತು. ದಿವಾನರೊಬ್ಬರೇ ನಗಲಿಲ್ಲ, ಅವರು ಮಲಗಿದ್ದರು. ನಗಿಸಿದ ತಪ್ಪಿಗೂ ಹಗ್ಗವೇ. ಮಿಕ್ಕ ವರರಿಗೆ ಒಮ್ಮೆಗೇ ಹೊಟ್ಟೆನೋವು ಬಂತು.

"ಸರೀರಿ ಆ ಕಡೆ," ಅಂತ ದುರುಗಿ ಮುಂದೆ ಬಂದಳು. "ನಾನು ಹೇಳ್ತೀನಿ."

ದೊರೆ ಹುಬ್ಬೇರಿಸಿದ. "ಅಡುಗೆಯವಳೇ, ಗೆದ್ದರೆ ರಾಜಕುಮಾರೀನ ಏನು ಮಾಡ್ತೀಯೆ?"

"ಅದನ್ನ ಡಂಗುರ ಹೊಡೆಸೋ ಮುಂಚೆ ರಾಜಕುಮಾರೀನ ಕೇಳಬೇಕಿತ್ತು ಬುದ್ಧಿ! ಆ ಕೋಣೆ ಅಟ್ಟ. ನನ್ನ ಒಲೆಕಟ್ಟೆ ಇರೋದು ಗೇಣಗಲ. ಹಬ್ಬದ ಕೊಪ್ಪರಿಗೆ ಬಂತು ಅಂದ್ರೆ, ಯಾರೂ ಮುಟ್ಟದ ಪಾತ್ರೆ ಅಟ್ಟಕ್ಕೆ ಹೋಗುತ್ತೆ. ನಿಮ್ಮ ಯಂತ್ರಕ್ಕೂ ಹಂಗೇ. ಅದರ ಮೆಮೊರಿನೇ ಒಲೆಕಟ್ಟೆ. ಅದು ತುಂಬಿದಾಗ ಸುಮ್ಮನೆ ಕೂತಿರೋದನ್ನ ಎತ್ತಿಡೋಕೆ ಡಿಸ್ಕಿನಲ್ಲಿ ಒಂದಿಷ್ಟು ಜಾಗ ಬಿಡಬೇಕು. ಸ್ವಾಪ್ ಅಂತಾರೆ. ದಿನಾ ಉಣ್ಣೋವಾಗ ಅಣ್ಣ ಇದನ್ನೇ ಗೊಣಗ್ತಿದ್ದ."

ಚಂದ್ರಲೆ ಮೊದಲ ಸಲ ತಲೆ ಎತ್ತಿದಳು. "ಎರಡನೆಯದು. ಒಬ್ಬ ಆಳು. ಅವನು ಹೆಚ್ಚು ಓಡಿದಷ್ಟೂ ಊಟ ತಡ. ಯಾರವನು?"

"ಅಟ್ಟ ಹತ್ತಿ ಇಳಿಯೋನು! ಅಟ್ಟ ಒಲೆಯಲ್ಲ ತಾಯಿ. ಅಲ್ಲೇನೂ ಬೇಯಲ್ಲ. ಒಲೆಕಟ್ಟೆ ತೀರಾ ಚಿಕ್ಕದಾಗಿ, ಈಗ ಎತ್ತಿಟ್ಟಿದ್ದೇ ಮರುಗಳಿಗೆ ಬೇಕು ಅಂದ್ರೆ ಏಣಿ ಮೇಲೇ ಹೊತ್ತು ಹೋಗುತ್ತೆ. ಯಂತ್ರ ಏದುಸಿರು ಬಿಡೋದು ಅದಕ್ಕೇ. ಮೂರನೇದು ಕೇಳಿ, ಹೊತ್ತಾಗ್ತಿದೆ!"

"ಬಹುಪರಾಕಿನ ಕತ್ತು ಕುಯ್ದವರು ಯಾರು?" ಕೇಳುವಾಗ ಚಂದ್ರಲೆಯ ಕಣ್ಣು ಒಮ್ಮೆ ದೊರೆಯತ್ತ ಹೋಗಿಬಂತು.

ದುರುಗಿ ಅವಳನ್ನೇ ದುರುಗುಟ್ಟಿ ನೋಡಿದಳು. "ನಿಮಗೆ ಗೊತ್ತು. ಗೊತ್ತಿದ್ದೂ ಒಗಟು ಹೊಸೀತಾ ಕೂತಿದ್ದೀರಾ? ಹೇಳೋಕೆ ನನ್ನ ಬಾಯೇ ಬೇಕಿತ್ತಾ?"

"ಒಮ್ಮೆ ನಿಜ ಹೇಳಿದ್ದಕ್ಕೆ ನನ್ನ ಬಾಯಿಗೆ ಬೀಗ ಬಿದ್ದು ವರ್ಷವಾಯಿತು," ಅಂದಳು ಚಂದ್ರಲೆ ಮೆಲ್ಲಗೆ.

ದುರುಗಿ ದೊರೆಯತ್ತ ತಿರುಗಿದಳು. "ಕೊಂದೋರು ನೀವೇ ಬುದ್ಧಿ."

ದಿವಾನರಿಗೆ ಎಚ್ಚರವಾಯಿತು. ದೊರೆಯ ಕೈ ಕತ್ತಿಯ ಹಿಡಿಗೆ ಹೋಯಿತು.

"ಮೊದಲು ಕೇಳಿ, ಆಮೇಲೆ ಕಡೀರಿ! ನಮ್ಮಣ್ಣ ಅಟ್ಟ ಮಾಡಿಟ್ಟಿದ್ದ. 'ನನ್ನ ಯಂತ್ರದ್ದು ಅಟ್ಟಕ್ಕೆ ಹೋಗೋದೇ? ಹಳೇ ಮೊರ, ಮುರುಕು ಚಾಪೆ ಹೋಗೋ ಜಾಗಕ್ಕೆ? ಅವಮಾನ!' ಅಂತ ಮುಚ್ಚಿಸಿದ್ದು ಯಾರು? ಮಧ್ಯಾಹ್ನ ಕಂದಾಯದ ಲೆಕ್ಕ ಒಳಗೆ ಬಂದಾಗ ಮೆಮೊರಿ ತುಂಬಿಹೋಗುತ್ತೆ. ಎತ್ತಿಡೋಕೆ ಜಾಗ ಇಲ್ಲ. ಆಗ ಯಂತ್ರ ತಾನು ಉಳ್ಕೊಳ್ಳೋಕೆ, ಎಲ್ಲರಿಗಿಂತ ದಪ್ಪಗೆ ಹರಡಿಕೊಂಡು ಕೂತೋರ ಕತ್ತು ಕುಯ್ಯುತ್ತೆ. ನಿಮ್ಮ ಬಹುಪರಾಕಿಗಿಂತ ದಪ್ಪಂದು ಅದರೊಳಗೆ ಇನ್ನೇನಿದೆ? ನನ್ನ ಮಾತು ಸುಳ್ಳಾದ್ರೆ ನಾಲ್ಕನೇ ಹಗ್ಗ ನನಗೇ ಹಾಕಿ. ಅಣ್ಣನ್ನ ಕರೆಸಿ, ಅಟ್ಟ ತೆರೆಸಿ!"

ದೊರೆಯ ಮುಖ ಬದನೆಕಾಯಿಯ ಬಣ್ಣಕ್ಕೆ ತಿರುಗಿತು. ಆದರೂ ಕರೆಸಿದ. ಬೇಡಿ ಹಾಕಿದ ಕೈಯಲ್ಲೇ ಹಾಲೇಶ ಕೀಲಿಮಣೆ ಕುಟ್ಟಿದ. ಡಿಸ್ಕಿನಲ್ಲಿ ಜಾಗ ಬಿಡಿಸಿದ. ಅರಮನೆಯ ಗುಟ್ಟೂ ಅಲ್ಲಿಗೆ ಹೋಗಬಹುದಾದ್ದರಿಂದ ಬೇರೆಯವರು ಇಣುಕದ ಹಾಗೆ ಬಾಗಿಲು ಭದ್ರ ಮಾಡಿದ. ಇದು ಸ್ವಾಪ್ ಎಂದು ಗುರುತು ಹಾಕಿ ತೆರೆದ. ನಾಳೆ ಯಂತ್ರ ಆರಿ ಹೊತ್ತಿದರೂ ಮರೆಯದಂತೆ ಅದಕ್ಕೆ ಕಟ್ಟಪ್ಪಣೆಯನ್ನೂ ಕೊಟ್ಟ.

ಮಧ್ಯಾಹ್ನವಾಯಿತು. ಕಂದಾಯದ ಲೆಕ್ಕ ಧಡಧಡನೆ ಒಳಗೆ ಬಂತು. "ರಣಬಾಹು ಮಹಾರಾ..." ಅಂತ ಬಹುಪರಾಕು ಗಕ್ಕನೆ ನಿಂತಿತು. ಭಟರು ನೇಣಿನ ಹಗ್ಗ ಕೈಗೆತ್ತಿಕೊಂಡರು. ದುರುಗಿ ಹಲ್ಲು ಕಚ್ಚಿ ನಿಂತಳು.

"...ಜರಿಗೇ ಜಯವಾಗಲಿ!"

ಸಾಯಲಿಲ್ಲ. ದೊರೆ ಉಸಿರು ಬಿಟ್ಟ. "ನನ್ನ ಬಹುಪರಾಕಿಗೆ ಜಾಗ ಬಿಟ್ಟು ಅಟ್ಟ ಹತ್ತಿದ್ದು ಯಾವುದೋ?"

ಹಾಲೇಶ ಪರದೆ ನೋಡಿ ತಡವರಿಸಿದ. "ಪ್ರಜೆಗಳ ಅಹವಾಲು ಬುದ್ಧಿ. ಈ ಯಂತ್ರದಲ್ಲಿ ಯಾರೂ ಮುಟ್ಟದೇ ಇದ್ದದ್ದು ಅದೊಂದೇ."

ದಿವಾನರು ಮತ್ತೆ ಕಣ್ಣು ಮುಚ್ಚಿಕೊಂಡರು.

"ಅರ್ಧ ರಾಜ್ಯ ನಿನ್ನದು," ಅಂದ ದೊರೆ ದುರುಗಿಗೆ, ಎತ್ತಲೋ ನೋಡುತ್ತಾ.

"ಅರ್ಧ ರಾಜ್ಯ ತಗೊಂಡು ಅದರಲ್ಲೂ ಸಾರು ಕುದಿಸಲೇ? ಬೇಡ ಬುದ್ಧಿ. ಅಣ್ಣನ ಬೇಡಿ ಬಿಚ್ಚಿಸಿ. ಆ ಇಬ್ಬರು ಪೆದ್ದರನ್ನೂ ಮನೆಗೆ ಕಳಿಸಿ. ರಾಜಕುಮಾರಿ ಬಹುಮಾನ ಅಲ್ಲ ಅಂತ ಇನ್ನೊಂದು ಡಂಗುರ ಹೊಡೆಸಿ. ಆಮೇಲೆ ಆ ಅಹವಾಲನ್ನ ಕೆಳಗಿಳಿಸಿ."

"ಇಳಿಸೋದು ಹೇಗೆ?"

"ಮುಟ್ಟಿದರೆ ಸಾಕು, ತಾನೇ ಇಳಿಯುತ್ತೆ," ಅಂದ ಹಾಲೇಶ.

ದೊರೆ ಸಿಂಹಾಸನದಿಂದ ಇಳಿದು ಬಂದು ಬೆರಳು ಚಾಚಿ ಮುಟ್ಟಿದ. ಯಂತ್ರ ಕೊಂಚ ತಡೆಯಿತು, ಆಮೇಲೆ ಅಹವಾಲು ಒಂದೊಂದಾಗಿ ಇಳಿದು ಬಂತು. ಚಂದ್ರಲೆ ಅಪ್ಪನ ಪಕ್ಕದಲ್ಲಿ ಕೂತು ಗಟ್ಟಿಯಾಗಿ ಓದತೊಡಗಿದಳು. ಸಂಜೆಗೆ ನೇಣುಗಂಬದ ಹತ್ತಿರ ಕಾದು ಕೂತಿದ್ದವರೆಲ್ಲ ಬೇಜಾರಾಗಿ ಮನೆಗೆ ಹೋದರು. ಅಣ್ಣ ತಂಗಿ ಅಡುಗೆಮನೆಯಲ್ಲಿ ಎದುರುಬದುರು ಕೂತು ಹೊಟ್ಟೆತುಂಬ ಉಂಡರು. ದೊರೆ ಮಾತ್ರ ಇನ್ನೂ ಎದ್ದಿಲ್ಲ, ಕೇಳುತ್ತಲೇ ಇದ್ದಾನಂತೆ.