ಏಳದ ಕಂಪ್ಯೂಟರೂ ನೀರುಗಂಟಿ ಚಿಕ್ಕಮಾದನೂ

"ಕೇಳ್ರಪ್ಪೋ ಕೇಳಿ! ಕಣಿವೆದುರ್ಗದ ವೀರಭೂಪ ಮಹಾರಾಜರ ಅಪ್ಪಣೆ! ಅರಮನೆಯ ಕಂಪ್ಯೂಟರು ಸೋಮವಾರದಿಂದ ಏಳುತ್ತಿಲ್ಲ. ಅದರ ಮೂರು ಒಗಟು ಬಿಡಿಸಿ ಎಬ್ಬಿಸಿದವನಿಗೆ ಅರ್ಧ ರಾಜ್ಯ. ರಾಜಕುಮಾರಿ ಮುದ್ದಾಜಿ ಒಪ್ಪಿದರೆ ಮದುವೆ. ತಪ್ಪು ಹೇಳಿದವನಿಗೆ ಗಲ್ಲು!"

ಡಂಗುರ ಊರೂರು ಸುತ್ತಿತು. ರಾಜನಿಗೆ ಅಷ್ಟು ಸಿಟ್ಟು ಬರಲು ಕಾರಣವಿತ್ತು. ಅವನು ಆ ಕಂಪ್ಯೂಟರಿನ ಜೊತೆ ಚೌಕಾಬಾರ ಆಡುತ್ತಿದ್ದ. ಹನ್ನೆರಡು ವರ್ಷ ಸೋತು ಸೋತು, ಮೊದಲ ಸಲ ಮೂರು ಕಾಯಿ ಹಣ್ಣಾಗಿದ್ದವು. ನಾಲ್ಕನೆಯದು ಒಂದೇ ಮನೆ ದೂರವಿದ್ದಾಗ ಪರದೆ ಕಪ್ಪಾಯಿತು.

ಒಗಟುಗಳು ರಾಜನವಲ್ಲ. ಆ ಯಂತ್ರ ಕಟ್ಟಿದ ಬಡಗಿ ಗಂಗಾಚಾರಿ ಸಾಯುವ ಮುಂಚೆ ಪೆಟ್ಟಿಗೆಯ ಮೇಲೆ ಒಂದು ಚೀಟಿ ಅಂಟಿಸಿದ್ದ: "ಇದು ಮಲಗಿದರೆ ಈ ಮೂರನ್ನು ಕೇಳಿ." ಉತ್ತರ ಬರೆದಿರಲಿಲ್ಲ. ಬಡಗಿಗಳ ಬುದ್ಧಿಯೇ ಅಷ್ಟು.

ಹನ್ನೊಂದು ಜನ ಬಂದರು, ಹನ್ನೊಂದು ಜನವೂ ಸೋತರು. ಮಂತ್ರಿಯ ಮಗ ಪೆಟ್ಟಿಗೆಯ ಕೆನ್ನೆಗೆ ಬಾರಿಸಿದ. ಜೋಯಿಸರು ಶನಿಕಾಟ ಅಂದರು. ನೆರೆರಾಜ್ಯದ ಯುವರಾಜನಂತೂ, "ಸತ್ತಿದೆ, ಹೊಸದು ತನ್ನಿ" ಅಂದು ಮೀಸೆ ತಿರುವಿದ. ಆದರೆ ಒಬ್ಬನನ್ನೂ ಗಲ್ಲಿಗೆ ಹಾಕಲಾಗಲಿಲ್ಲ. ಯಾಕೆಂದರೆ ಕಣಿವೆದುರ್ಗದಲ್ಲಿ ಗಲ್ಲಿನ ಆಜ್ಞೆಯನ್ನು ಕೈಯಲ್ಲಿ ಬರೆಯುವಂತಿಲ್ಲ. ಈ ಕಂಪ್ಯೂಟರಿನಲ್ಲೇ ಬೆರಳಚ್ಚು ಮಾಡಿ, ಅದರ ಪ್ರಿಂಟರಿನಲ್ಲೇ ಅಚ್ಚು ತೆಗೆಯಬೇಕು. ರಾಜನ ಅಜ್ಜನ ಕಾಲದ ಕಟ್ಟಳೆ. ಹಾಗಾಗಿ ಹನ್ನೊಂದೂ ಜನ ಸೆರೆಮನೆಯಲ್ಲಿ ಅರಮನೆಯ ಸಾರು ಮುದ್ದೆ ಉಂಡು ಕೂತಿದ್ದರು.

ಹನ್ನೆರಡನೆಯವನಾಗಿ ಬಂದವನು ಚಿಕ್ಕಮಾದ. ದೊಡ್ಡಕೆರೆಯ ನೀರುಗಂಟಿ. ತೂಬು ಎತ್ತಿ ಕಾಲುವೆಗೆ ನೀರು ಬಿಡುವುದು, ಗದ್ದೆಗದ್ದೆಗೂ ಸರಿಯಾಗಿ ಹಂಚುವುದು ಅವನ ಕೆಲಸ. ಹೆಗಲ ಮೇಲೆ ಸನಿಕೆ, ಮೊಣಕಾಲವರೆಗೂ ಕೆಸರು. ಸೆರೆಮನೆಯ ಮುಂದೆ ಹಾದು ಬರುವಾಗ ಸರಳಿನ ಹಿಂದಿನಿಂದ ಜೋಯಿಸರು ಕೂಗಿದರು:

"ಅಯ್ಯಾ ಮಹರಾಯಾ, ನೀನು ಸೋತರೆ ನಿನ್ನೊಬ್ಬನ ಊಟ ಹೆಚ್ಚು, ಅಷ್ಟೇ. ಗೆದ್ದರೆ ಗಲ್ಲಿನ ಕಾಗದ ಅಚ್ಚಾಗಿ ನಾವು ಹನ್ನೊಂದು ಜನ ಸತ್ತೆವು! ವಾಪಸು ಹೋಗಪ್ಪಾ!"

ಚಿಕ್ಕಮಾದನ ಕಾಲು ನಿಂತೇಬಿಟ್ಟಿತು. ಅವನಿಗೆ ಇದು ಗೊತ್ತಿರಲಿಲ್ಲ. ಆದರೆ ಅಷ್ಟರಲ್ಲಿ ಕಾವಲಿನವರು ಅವನನ್ನು ಒಳಗೆ ಕರೆದೊಯ್ದಿದ್ದರು.

ಮುದ್ದಾಜಿ ಚೀಟಿ ನೋಡಿ ಓದಿದಳು. "ಒಬ್ಬ ಅಲ್ಲಾಡದೆ ಮಲಗಿದ್ದಾನೆ. ಅವನು ಸತ್ತಿದ್ದಾನೋ, ಅನ್ನವಿಲ್ಲದೆ ಬಿದ್ದಿದ್ದಾನೋ, ಅವನನ್ನು ಮುಟ್ಟದೆ ಹೇಗೆ ತಿಳಿಯುತ್ತೀ?"

"ಗದ್ದೆಗೆ ನೀರು ಬಂದಿಲ್ಲ ಅಂದ್ರೆ ನಾವು ಗದ್ದೇನ ಬಯ್ಯಾಕಿಲ್ಲ ತಾಯಿ. ಅದೇ ಕಾಲುವೇಲಿ ಪಕ್ಕದ ಗದ್ದೆ ನೆಂದದೋ ಇಲ್ವೋ ನೋಡ್ತೀವಿ. ಅವನ ಎಲೆ ಮುಂದೆ ಇನ್ನೊಬ್ಬನ್ನ ಕೂರಿಸಿ."

ಅವನು ಕಂಪ್ಯೂಟರಿನ ಪ್ಲಗ್ ಕಿತ್ತು ಅದೇ ಜಾಗಕ್ಕೆ ಮೇಜಿನ ದೀಪ ಸಿಕ್ಕಿಸಿದ. ದೀಪ ಉರಿಯಿತು. ಗೋಡೆಯಲ್ಲಿ ಕರೆಂಟಿದೆ. ಪರದೆಗೆ ಕರೆಂಟು ತರುವ ವೈರು ತೆಗೆದು ಪೆಟ್ಟಿಗೆಗೆ ಹಾಕಿದ, ಆಗಲೂ ಏಳಲಿಲ್ಲ. ವೈರಿನ ತಪ್ಪೂ ಅಲ್ಲ ಎಂದಾಯಿತು.

"ಎರಡನೆಯದು," ಅಂದಳು ಮುದ್ದಾಜಿ. "ಕೊಟ್ಟರೆ ಏಳದವನು ಕಸಿದುಕೊಂಡರೆ ಎದ್ದಾನು. ಅವನಿಂದ ಕಸಿಯುವುದು ಏನನ್ನು?"

"ನಿಂತ ನೀರನ್ನ. ಕಾಲುವೇಲಿ ಹಳೇ ನೀರು ಕೊಳೆತು ನಿಂತಿದ್ರೆ ಹೊಸಾ ನೀರು ಸಲೀಸಾಗಿ ಹರಿಯಾಕಿಲ್ಲ. ತೂಬು ಮುಚ್ಚಿ ಮೊದಲು ಅದನ್ನ ಬಸೀಬೇಕು."

ಪ್ಲಗ್ ಕಿತ್ತು, ಗುಂಡಿಯನ್ನು ಒತ್ತಿ ಹಿಡಿದು ಮೂವತ್ತು ಎಣಿಸಿದ. ಒಳಗೆ ಉಳಿದಿದ್ದ ಕರೆಂಟೆಲ್ಲ ಬಸಿದುಹೋಯಿತು. ಮತ್ತೆ ಪ್ಲಗ್ ಹಾಕಿ ಒತ್ತಿದಾಗ ಹಸಿರು ದೀಪ ಒಂದು ಸಲ ಮಿಣುಕಿ ಆರಿತು.

"ಉಸಿರಿದೆ!" ಎಂದು ರಾಜ ಸಿಂಹಾಸನದಿಂದ ಜಿಗಿದ. ಚಿಕ್ಕಮಾದನ ಮುಖ ಮಾತ್ರ ಬಾಡಿತು. ಇನ್ನೊಂದು ಒಗಟು ಬಿಡಿಸಿದರೆ ಹನ್ನೊಂದು ಹೆಣ.

ಮುದ್ದಾಜಿಯ ದನಿಯೂ ತಗ್ಗಿತ್ತು. "ಮೂರನೆಯದು. ಮನೆ ತುಂಬ ನೆಂಟರು. ಅವರಲ್ಲೊಬ್ಬ ಯಜಮಾನನ ಕುತ್ತಿಗೆ ಹಿಸುಕುತ್ತಿದ್ದಾನೆ. ಕೇಳಿದರೆ ಎಲ್ಲರೂ ನಾನಲ್ಲ ಅನ್ನುತ್ತಾರೆ. ಹೇಗೆ ಹಿಡಿಯುತ್ತೀ?"

ಚಿಕ್ಕಮಾದ ಮಡಿಲಲ್ಲಿ ಕೆಂಡ ಕಟ್ಟಿಕೊಂಡವನ ಹಾಗೆ ಒದ್ದಾಡಿದ. ಕೊನೆಗೆ, "ಗೊತ್ತಿದ್ದೂ ಗೊತ್ತಿಲ್ಲ ಅನ್ನಾಕೆ ನಂಗೆ ಬಾಯಿ ಬರಾಕಿಲ್ಲ" ಅಂದ. "ನೀರು ಎಲ್ಲಿ ಸೋರ್ತದೆ ಅಂತ ತಿಳೀದಿದ್ರೆ ನಾವು ಎಲ್ಲಾ ಗದ್ದೆ ಬಾಯೂ ಮುಚ್ಚಿಬಿಡ್ತೀವಿ. ಆಮೇಲೆ ಒಂದೊಂದೇ ತೆಗೀತೀವಿ. ನೆಂಟರನ್ನೆಲ್ಲ ಆಚೆ ಕಳ್ಸಿ, ಒಬ್ಬೊಬ್ಬರನ್ನೇ ಒಳಕ್ಕೆ ಕರೀರಿ."

ಮೌಸು, ಕೀಬೋರ್ಡು, ಸ್ಪೀಕರು, ಪ್ರಿಂಟರು, ರಾಜನ ಫೋನಿನ ಚಾರ್ಜರು, ಎಲ್ಲವನ್ನೂ ಕಿತ್ತ. ಗುಂಡಿ ಒತ್ತಿದ. ಗುರ್ ಎಂದು ಫ್ಯಾನು ತಿರುಗಿ ಪರದೆ ಬೆಳಗಿತು. ರಾಜ ಕುಣಿದೇಬಿಟ್ಟ. ಚಿಕ್ಕಮಾದ ಪ್ರತಿಸಲ ಆರಿಸಿ, ಒಂದೊಂದೇ ಸಿಕ್ಕಿಸಿ, ಮತ್ತೆ ಒತ್ತಿ ನೋಡಿದ. ಮೌಸು ಬಂತು, ಎದ್ದಿತು. ಕೀಬೋರ್ಡು ಬಂತು, ಎದ್ದಿತು. ಸ್ಪೀಕರು, ಚಾರ್ಜರು ಬಂದವು, ಆಗಲೂ ಎದ್ದಿತು. ಪ್ರಿಂಟರು ಬಂತು. ದೀಪ ಮಿಣುಕಿ ಆರಿತು.

ಪ್ರಿಂಟರು ಕಿತ್ತ. ಮತ್ತೆ ಎದ್ದಿತು.

"ಇವನೇ ಕಳ್ಳ," ಅಂದ ಚಿಕ್ಕಮಾದ. ಹಾಗೆ ಅಂದವನೇ ಕಣ್ಣರಳಿಸಿದ. ನಗು ಬಂತು, ಜೊತೆಗೆ ಕಣ್ಣಲ್ಲಿ ನೀರೂ ಬಂತು. "ಬುದ್ಧೀ, ಯಂತ್ರ ಎದ್ದದೆ. ಆದ್ರೆ ಅಚ್ಚು ತೆಗೆಯಾನು ಸತ್ತವ್ನೆ. ಇನ್ನು ಗಲ್ಲಿನ ಕಾಗದ ಎಲ್ಲಿಂದ ಬರ್ತದೆ?"

ರಾಜ ಹುಬ್ಬು ಗಂಟಿಕ್ಕಿ ಯೋಚಿಸಿದ. ಅಜ್ಜನ ಕಟ್ಟಳೆ ಮುರಿಯುವಂತಿಲ್ಲ. ಅದೂ ಅಲ್ಲದೆ ಪರದೆಯ ಮೇಲೆ ನಾಲ್ಕನೆಯ ಕಾಯಿ ಬಿಟ್ಟಲ್ಲೇ ಕಾಯುತ್ತಿತ್ತು. "ಹೋಗಲಿ, ಬಿಟ್ಟುಬಿಡ್ರಯ್ಯಾ ಅವರನ್ನ. ರಾಗಿಯೂ ಮುಗೀತಾ ಬಂತು," ಅಂದು ಕವಡೆ ಉರುಳಿಸಲು ಕೂತ.

ಜೋಯಿಸರು ಹೊರಗೆ ಬಂದವರೇ ಚಿಕ್ಕಮಾದನ ಕೆಸರುಗಾಲಿಗೆ ಬೀಳಲು ಹೋದರು. ಅವನು ಹಿಂದೆ ಹಿಂದೆ ಸರಿದ.

ಮುದ್ದಾಜಿ ಒಪ್ಪಿದಳು. ಅರ್ಧ ರಾಜ್ಯ ಸಿಕ್ಕರೂ ಅವನು ದೊಡ್ಡಕೆರೆಯ ತೂಬು ಬಿಡಲಿಲ್ಲ. ಮದುವೆಯ ಚಪ್ಪರದಲ್ಲಿ ಅವಳು ಮೆಲ್ಲಗೆ ಕೇಳಿದಳು: "ನಿಜ ಹೇಳು, ಆ ಪ್ರಿಂಟರನ್ನೂ ನೀನು ಸರಿ ಮಾಡಬಲ್ಲೆ ಅಲ್ವಾ?"

"ಮಾಡಬೌದೇನೋ," ಅಂದ ಚಿಕ್ಕಮಾದ. "ಆದ್ರೆ ಅದರ ಒಗಟು ನನ್ನ ಯಾರೂ ಕೇಳಿಲ್ವಲ್ಲ."

ಕಣಿವೆದುರ್ಗದಲ್ಲಿ ಅದನ್ನು ಈವತ್ತಿಗೂ ಯಾರೂ ಕೇಳಿಲ್ಲ.